ಮೀನು ಸಾರಿಗೆ ಕಡಗೋಲು

ನೋಡ್ರಪ್ಪಾ, ಇವತ್ತು ನಮ್ಮ ಬಿಟಿಎಂ ರೂಮಲ್ಲಿ ಒಂದು ಕೊಲೆ ತಪ್ಪಿತು. ಓನರ್ ಮನೆಯವರನ್ನ ಮೊದಲ ಸಲ ಊಟಕ್ಕೆ ಕರೆದು ಬಂಗಡೆ ಸಾರು ಮಾಡಿದ್ದೆ. ಸ್ನಾನ ಮುಗಿಸಿ ಬರೋಷ್ಟರಲ್ಲಿ ರೂಮ್‌ಮೇಟ್ ಬಸ್ಯಾ ಅದನ್ನ ಬೇಳೆ ಕಡೆದ ಹಾಗೆ ಕಡಗೋಲಲ್ಲಿ ಕಡೆದಿಟ್ಟಿದ್ದ. ಗದಗದವನು, ಮೀನು ಮುಟ್ಟಿದವನೇ ಅಲ್ಲ.

"ಮೀನೆಲ್ಲೋ?"

"ತುಂಡ ತುಂಡ ಇತ್ತಲೇ, ಸಣ್ಣಗ ಮಾಡೀನಿ."

ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಕೂತು ಸಾರನ್ನೆಲ್ಲ ಸೋಸಿ ಮುಳ್ಳು ತೆಗೆದ.

ಓನರ್ ಅಂಕಲ್ ತಟ್ಟೆಯಲ್ಲಿ ಮೀನು ಹುಡುಕುತ್ತಲೇ ಇದ್ದರು. ಹಲ್ಲಿಲ್ಲದ ಅವರ ಅಮ್ಮ ಮಾತ್ರ ಮುದ್ದೆಗೆ ಮೂರು ಸಲ ಸಾರು ಹಾಕಿಸಿಕೊಂಡರು.

"ಮುಳ್ಳಿಗೆ ಹೆದರಿ ಮೀನೇ ಬಿಟ್ಟಿದ್ದೆ ಕಣಪ್ಪಾ. ಯಾರು ಮಾಡಿದ್ದು?"

ನಾನು ಬಾಯಿ ತೆಗೆಯೋ ಮೊದಲೇ ಬಸ್ಯಾ ಕಡಗೋಲು ಎತ್ತಿ ತೋರಿಸಿದ.

"ಮುಂದಿನ ವಾರಾನೂ ಇವನೇ ಮಾಡ್ಲಿ. ನೀನು ಮೀನು ತಂದ್ಕೊಡು," ಅಂದರು ಅಜ್ಜಿ.

ಮುರಿದು ಬಿಸಾಕಬೇಕು ಅಂದುಕೊಂಡಿದ್ದ ಆ ಕಡಗೋಲನ್ನ ಆಮೇಲೆ ನಾನೇ ತೊಳೆದಿಟ್ಟೆ.