ಒಂದೇ ಚೆಂಡಿನ ಯಜಮಾನರು

ಗಾಲ್ಫ್ ಮೈದಾನದ ಹುಲ್ಲು ಕತ್ತರಿಸಲು ನಾನು ಬರುವಷ್ಟರಲ್ಲಿ ನಮ್ಮ ಚಿಪ್ಪಿಂಗ್ ಯಜಮಾನರು ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನಿನ ಅಂಚಿನಲ್ಲಿ ಹಾಜರಿರುತ್ತಾರೆ. ದೂರ ಬಾರಿಸುವ ಆಸೆ ಅವರಿಗಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಗುಳಿಯಲ್ಲಿ ನೆಟ್ಟ ಬಾವುಟದ ಬುಡಕ್ಕೆ ಉರುಳಿಸುವ ಚಿಪ್ಪಿಂಗೇ ಅವರ ತಪಸ್ಸು. “ಮಣಿಕಟ್ಟು ಆಡಿಸ್ಬಾರ್ದಪ್ಪ, ಭುಜದಿಂದ ಹೊಡೀಬೇಕು,” ಎನ್ನುವ ಅವರು ಹಲ್ಲುಜ್ಜುವಾಗಲೂ ಮಣಿಕಟ್ಟು ಆಡಿಸಲಾರರು. ಇರುವುದು ಒಂದೇ ಸವೆದ ಚೆಂಡು. ಇನ್ನೊಂದು ಕೊಟ್ಟರೆ ಮುಟ್ಟುವುದಿಲ್ಲ. ಪ್ರತಿ ಹೊಡೆತಕ್ಕೂ ಮುನ್ನ ಬಾವುಟದತ್ತ ತಿರುಗಿ, “ಪಕ್ಕಕ್ಕೆ ನಿಂತ್ಕೊಳೇ, ಕಾಲಿಗೆ ತಾಗೀತು,” ಎನ್ನುತ್ತಾರೆ. ಅಲ್ಲಿ ನಿಂತು ಚೆಂಡನ್ನು ವಾಪಸ್ ಉರುಳಿಸುತ್ತಿದ್ದ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಅಭ್ಯಾಸಬಲವೆಂದು ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು. ಇವತ್ತು ಯಂತ್ರ ಚಾಲೂ ಮಾಡುವ ಮುನ್ನ ಗ್ರೀನಿನತ್ತ ನೋಡಿದೆ. ಚೆಂಡು ಅವರ ಕಾಲಬುಡದಲ್ಲಿತ್ತು. ಇಬ್ಬನಿಯ ಮೇಲೆ ಅದು ಬಾವುಟದವರೆಗೆ ಉರುಳಿದ ಗೆರೆಗಳು ಇಪ್ಪತ್ತಾದರೂ ಇದ್ದವು. ತರಲು ಹೋದ ಹೆಜ್ಜೆ ಒಂದೂ ಇರಲಿಲ್ಲ.