ಸುಮಿತ್ರಕ್ಕ ಇಲ್ಲ, ಸೋಮವಾರ ಕಂಪನಿಯವರು ಶಾಲೆಯ ತೋಟ ನೋಡಲು ಬರುತ್ತಾರೆ

ಇಲ್ಲ... ಇದು ಸುಳ್ಳು ಸುದ್ದಿ ಆಗಿರಬೇಕು.
ನಿನ್ನೆ ಸಂಜೆ ಗೇಟಿನ ಹತ್ತಿರ ಸ್ಕೂಟಿ ನಿಲ್ಲಿಸಿ ನನ್ನ ಜೊತೆ ಜಗಳ ಆಡಿ ಹೋದವರು...
ಇವತ್ತು ಬೆಳಿಗ್ಗೆ ಸಪ್ತಾಪುರದ ಮನೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು.
ನಮ್ಮ ಹೆಡ್ ಮಿಸ್ಟ್ರೆಸ್ ಸುಮಿತ್ರಕ್ಕ ಇನ್ನಿಲ್ಲ.
ಮುಖ ನೋಡಿಕೊಂಡು ಬಂದೆ. ಆದರೂ ನಂಬಲು ಆಗುತ್ತಿಲ್ಲ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾನು ಪಾಠ ಮಾಡುವ, ಲಕಮನಹಳ್ಳಿ ಕಡೆಯ ನಮ್ಮ ಸಣ್ಣ ಶಾಲೆಯ ಹಿಂದೆ ಒಂದು ಕೈತೋಟ ಇದೆ.
ಅಲ್ಲಿ ಬೆಳೆದದ್ದು ಸಾಲದಾದಾಗ, ಹತ್ತಿರದ ಹಳ್ಳಿಯ ಬಸವರಾಜ ಕಾಕಾ ತಮ್ಮ ಹೊಲದಿಂದ ತಾಜಾ ಸೊಪ್ಪು, ತರಕಾರಿ ತರುತ್ತಾರೆ.
ಮಕ್ಕಳ ಬಿಸಿಯೂಟಕ್ಕೆ ದಿನಾ ಹಸಿರು ಬೀಳುವುದು ಇದರಿಂದಲೇ.
ಇದಕ್ಕೆಲ್ಲ ಫಂಡ್ ಹುಡುಕಿ ತಂದವರು ಅಕ್ಕ... ಒಬ್ಬರೇ.

ಹಣ ಕೇಳಿ ಕಂಪನಿಗಳಿಗೆ ಪ್ರೊಪೋಸಲ್ ಬರೆಯುವುದೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ.
ಯಾವ ಕಂಪನಿಯವರು ಬಂದರೂ ಮೊದಲು ಮಕ್ಕಳ ಪಂಕ್ತಿಯಲ್ಲಿ ಕೂರಿಸುತ್ತಿದ್ದರು.
"ಮೊದಲ ಉಣ್ರಿ. ಮಾತೇನ ಓಡಿ ಹೋಗೂದಿಲ್ಲ."

ಹೋದ ವರ್ಷ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯವರು ತೋಟ ನೋಡಲು ಬರುವವರಿದ್ದರು.
ಬಂದವರಿಗೆ ಚೆನ್ನಾಗಿ ಬಡಿಸಬೇಕು ಎಂದು ನಾವೆಲ್ಲ ಸೇರಿ ಬೆಳಿಗ್ಗೆಯೇ ಮೆಂತ್ಯ, ಮೂಲಂಗಿ, ಬದನೆ, ಇದ್ದಬದ್ದದ್ದೆಲ್ಲ ಕಿತ್ತು ಅಡುಗೆಗೆ ಕೊಟ್ಟುಬಿಟ್ಟೆವು!
ಅವರು ಬಂದಾಗ ತೋಟದಲ್ಲಿ ಬರೀ ಮಣ್ಣು...
ನನಗೆ ಜೀವ ಬಾಯಿಗೆ ಬಂದಿತ್ತು. ಅಕ್ಕ ನಕ್ಕರು.
"ತ್ವಾಟ ನೋಡಾಕ ಬಂದೀರಲ್ರಿ ಸರ್? ತಾಟಿನ್ಯಾಗ ಐತಿ, ಕುಂದರ್ರಿ."
ಸಾಹೇಬರು ಎರಡನೇ ಸಲ ಪಲ್ಯ ಹಾಕಿಸಿಕೊಂಡರು. ಒಂದು ವರ್ಷದ ಖರ್ಚಿಗೆ ಒಪ್ಪಿ ಹೋದರು.
ಆ ವರ್ಷ ಈಗ ಮುಗಿಯುತ್ತಾ ಬಂದಿದೆ.

ಅಕ್ಕಾ... ನಿಮ್ಮ ಮ್ಯಾಲೆ ಸಿಟ್ಟು ಬರಾಕತ್ತೈತಿ ನನಗ.
ನಿನ್ನೆ ಜಗಳ ಆಡಿದ್ದು ಇದಕ್ಕ ಅಲ್ಲೇನ್ರಿ?
"ಈ ಸಲ ಕಂಪನಿಯವರ ಜೋಡಿ ನೀನ ಮಾತಾಡು, ರೂಢಿ ಆಗ್ಲಿ" ಅಂದ್ರಿ.
"ನನ್ನ ಕಡೆ ಆಗೂದಿಲ್ರಿ" ಅಂದೆ.
"ಅಂಜಬುರುಕಿ! ಹಂಗಾದ್ರ ನಾನ ಮಾತಾಡ್ತೇನಿ ಬಿಡು" ಅಂತ ಹೇಳಿ ಹೋದವ್ರು ನೀವ ಅಲ್ಲೇನ್ರಿ...

ಇವತ್ತು ಮಧ್ಯಾಹ್ನ ಅದೇ ಕಂಪನಿಯಿಂದ ಫೋನ್ ಬಂತು. ಸಂತಾಪ ಹೇಳಿದರು. ಆಮೇಲೆ ಮೆಲ್ಲಗೆ...
"ನಾವು ಮೇಡಂ ಅವರ ಮುಖಾ ನೋಡಿ ಕೊಟ್ಟಿದ್ವಿ. ಇನ್ನ ಮುಂದ ಹೆಂಗ ಅಂತ ಸೋಮವಾರ ಬಂದು ನೋಡಿ ಹೇಳ್ತೇವ್ರಿ."

ಇನ್ನು ಅವರ ಜೊತೆ ಮಾತಾಡಬೇಕಾದವಳು ನಾನೇ.
ನಿಜ ಹೇಳುತ್ತೇನೆ, ಅಳುವುದಕ್ಕೂ ಆಗದಷ್ಟು ಹೆದರಿಕೆ.
ದೊಡ್ಡವರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ.
ಅವರು ಬೇಡ ಅಂದುಬಿಟ್ಟರೆ ಮಕ್ಕಳ ತಟ್ಟೆಗೆ ಮತ್ತೆ ಬರೀ ಅನ್ನ, ನೀರು ಸಾರು...

ಇದನ್ನು ಟೈಪ್ ಮಾಡುವಾಗಲೇ ಬಸವರಾಜ ಕಾಕಾ ಫೋನ್ ಮಾಡಿದರು. ಅಳುತ್ತಿದ್ದರು.
"ಅಕ್ಕೋರು ಹೋಗಿಬಿಟ್ರಂತಲ್ರಿ... ಸೋಮವಾರಕ್ಕ ಮೆಂತೇಪಲ್ಯೆ ಕೀಳಲೇನ್ರಿ, ಬಿಡಲೇನ್ರಿ?"

ಹೇಳಿದೆ...
"ಕೀಳ್ರಿ ಕಾಕಾ. ಸ್ವಲ್ಪ ಹೆಚ್ಚಿಗೇನ ತರ್ರಿ. ಉಣ್ಣಾಕ ಮಂದಿ ಬರೋರದಾರ."

ಫೋನ್ ಇಟ್ಟ ಮೇಲೂ ಹೆದರಿಕೆ ಹೋಗಿಲ್ಲ...
ಹೋಗಿ ಬನ್ನಿ ಸುಮಿತ್ರಕ್ಕಾ. ದಣಿದ ನಿಮ್ಮ ಜೀವಕ್ಕೆ ತಂಪು ಸಿಗಲಿ, ಶಾಂತಿ ಸಿಗಲಿ... 🙏