ಅಕ್ಕನ ನೂಲು, ತಂಗಿಯ ಹೆಣಿಗೆ

ಬೀದಿಯವರೆಲ್ಲ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಬರೆಯುವುದು, ತರಕಾರಿ ಹೆಚ್ಚುವುದು, ಕಸ ಗುಡಿಸುವುದು, ಎಲ್ಲವೂ ಎಡಗೈಯಲ್ಲೇ. ತಾಯಿ ಒಳ್ಳೆಯ ಹೆಣಿಗೆಗಾರ್ತಿ. ಹಿರಿಮಗಳಿಗೆ ಒಂದೇ ಚಳಿಗಾಲದಲ್ಲಿ ಸ್ವೆಟರು ಹೆಣೆಯಲು ಕಲಿಸಿದವಳು ಕಿರಿಯವಳ ಮುಂದೆ ಕೈಚೆಲ್ಲಿ ಕೂತಳು. "ನಿನಗೆ ಹೇಳ್ಕೊಡೋ ಬದಲು ಈ ಗೋಡೆಗೆ ಹೇಳ್ಕೊಡ್ಬಹುದು" ಎಂದು ಕಡ್ಡಿಗಳನ್ನು ಕಿತ್ತಿಟ್ಟಳು.

ಅಕ್ಕ ತಂಗಿಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವಳು ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಳ್ಳದೆ ತನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಂಡಳು.

"ಕನ್ನಡಿ ನೋಡೋ ಹಾಗೆ ನನ್ನ ಕೈ ನೋಡು. ಎಡ ಬಲ ಅಂತ ತಲೆ ಕೆಡಿಸ್ಕೋಬೇಡ."

ಹದಿನೈದೇ ದಿನಕ್ಕೆ ಎಡಚಿ ಒಂದು ಗುಲಾಬಿ ಬಣ್ಣದ ಟೋಪಿ ಹೆಣೆದಳು. ಅದು ಯಾರ ತಲೆಗೂ ಹಿಡಿಸಲಿಲ್ಲ. ತಾಯಿ ಅದನ್ನು ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿ ವರ್ಷಗಟ್ಟಲೆ ಬಳಸಿದಳು.

ಮದುವೆಯಾಗಿ ಇಬ್ಬರೂ ಅದೇ ಬೀದಿಯ ಎರಡು ತುದಿಯಲ್ಲಿ ಸಂಸಾರ ಹೂಡಿದರು. ಅಕ್ಕನ ಮನಸ್ಸು ಕಡ್ಡಿಯಿಂದ ನೂಲಿಗೆ ಹೊರಳಿತ್ತು. ಹಿತ್ತಿಲ ಕೋಣೆಯಲ್ಲಿ ರಾಟೆ, ಒಲೆ, ಮೂರು ಬಣ್ಣದ ಹಂಡೆ. ಒಂದು ದಪ್ಪ ಎಳೆ, ಒಂದು ಸಣ್ಣ ಎಳೆ ಸೇರಿಸಿ, ಸಣ್ಣದನ್ನು ಬಿಗಿಹಿಡಿದು ಹುರಿ ಮಾಡುತ್ತಿದ್ದಳು. ದಪ್ಪ ಎಳೆ ಅಲ್ಲಲ್ಲಿ ಉಬ್ಬಿ, ನೂಲಿನುದ್ದಕ್ಕೂ ಸಣ್ಣ ಸಣ್ಣ ಮೊಗ್ಗು ಏಳುತ್ತಿದ್ದವು. ಒಂದು ಲಡಿಯಂತೆ ಇನ್ನೊಂದು ಇರುತ್ತಿರಲಿಲ್ಲ.

ಬೇರೆಯವರ ಕೈಯಲ್ಲಿ ಆ ನೂಲು ಬರೀ ಗಂಟುಗಂಟಾಗಿ ಕಾಣುತ್ತಿತ್ತು. ಎಡಚಿ ಮಾತ್ರ ಅದನ್ನು ಪಳಗಿಸಿದಳು. ಮೊಗ್ಗು ಬಂದ ಕಡೆ ಕುಣಿಕೆಯನ್ನು ಉಲ್ಟಾ ಹಾಕಿ ಹೊರಗೆ ತಳ್ಳುವಳು. ನೂಲು ತೆಳ್ಳಗಾದ ಕಡೆ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಜಡೆಯಂಥ ಸಾಲು ಹೆಣೆಯುವಳು. ಮಾದರಿಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿರಲಿಲ್ಲ. ಅವಳ ಜಡೆಗಳು ಎಲ್ಲರ ಜಡೆಗಳಿಗೂ ವಿರುದ್ಧ ದಿಕ್ಕಿಗೆ ವಾಲುತ್ತಿದ್ದುದರಿಂದ ಬೀದಿಯ ಆ ತುದಿಯಿಂದಲೇ "ಅದು ಎಡಚಿ ಸ್ವೆಟರು" ಎಂದು ಹೇಳಬಹುದಿತ್ತು.

ಹೆಸರು ಹಬ್ಬಿತು. ಪುರಭವನದಲ್ಲಿ ಕೈಕಸುಬಿನ ಪ್ರದರ್ಶನ ಏರ್ಪಟ್ಟಾಗ ಅವಳಿಗೂ ಒಂದು ಮೇಜು ಸಿಕ್ಕಿತು. ಜನವೋ ಜನ. ಪತ್ರಿಕೆಯ ಹೆಂಗಸೊಬ್ಬಳು ಬಂದು, ಕಂದು ಬಣ್ಣದ ಕೋಟೊಂದನ್ನು ಸವರುತ್ತ ಕೇಳಿದಳು:

"ಇಂಥ ನೂಲು ಎಲ್ಲೂ ನೋಡಿಲ್ಲ. ಎಲ್ಲಿಂದ ತರಿಸ್ತೀರಿ?"

ಎಡಚಿಗೆ ಆ ಕ್ಷಣ ಏನಾಯಿತೋ. ಕ್ಯಾಮೆರಾ ಎದುರಿಗಿತ್ತು, ಸುತ್ತ ಜನ ನಿಂತಿದ್ದರು.

"ತರಿಸೋದೇನು, ನಾನೇ ಮಾಡ್ಕೊಳ್ತೀನಿ" ಎಂದುಬಿಟ್ಟಳು.

ಹಿಂದಿನಿಂದ ಯಾರೋ ಚೀಲ ಕೆಳಗಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕ. ಹೊಸ ಲಡಿಗಳ ಚೀಲ ಹೊತ್ತು ಅಷ್ಟು ದೂರ ನಡೆದು ಬಂದಿದ್ದಳು. ಚೀಲ ಮತ್ತೆ ಎತ್ತಿಕೊಂಡು ಬಾಗಿಲ ಕಡೆ ನಡೆದುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಆ ಮಾತು ಫೋಟೊದ ಕೆಳಗೆ ಅಚ್ಚಾಗಿಯೂ ಬಂತು.

ವಾರ ಕಳೆದು ಎಡಚಿ ಅಕ್ಕನ ಮನೆಗೆ ಹೋದಳು. ಕ್ಷಮೆ ಕೇಳಲೆಂದೇ ಹೊರಟವಳು ಹೊಸ್ತಿಲಲ್ಲಿ ನಿಂತು, "ನೂಲು ಮುಗೀತಾ ಬಂತು" ಎಂದಳು.

"ನೀನೇ ಮಾಡ್ಕೊಳ್ತೀಯಲ್ಲ" ಎಂದಳು ಅಕ್ಕ. ಅಷ್ಟೇ. ರಾಟೆಗೆ ಬಟ್ಟೆ ಮುಚ್ಚಿತ್ತು.

ಆರು ವರ್ಷ ಮಾತಿಲ್ಲ. ಈ ನಡುವೆ ಅಕ್ಕನ ಗಂಡ ತೀರಿಕೊಂಡಾಗ ಎಡಚಿ ಹೋಗಿ ಮೂಲೆಯಲ್ಲಿ ಕೂತು ಎದ್ದುಬಂದಳು. ಅಂಗಡಿಯ ಉಲ್ಲನ್ ತಂದು ಹೆಣೆದಳು. ನುಣುಪಾದ ನೂಲು, ಒಂದೇ ಸಮ. ಕಡ್ಡಿಯ ಮೇಲೆ ಸರಸರ ಓಡುತ್ತಿತ್ತು. ಕೊಳ್ಳುವವರು ಚೆನ್ನಾಗಿದೆ ಎನ್ನುತ್ತಿದ್ದರು. ಅವಳಿಗೇ ಅದನ್ನು ಎರಡನೆಯ ಸಲ ಮುಟ್ಟಲು ಮನಸ್ಸಾಗುತ್ತಿರಲಿಲ್ಲ.

ಏಳನೆಯ ವರ್ಷ ಒಂದು ಮಧ್ಯಾಹ್ನ ಅಕ್ಕನ ಮಗಳು ಬಂದಳು. ಶಾಲೆಯಲ್ಲಿ ಟೀಚರಾಗಿದ್ದ ಆ ಹುಡುಗಿ ಸುತ್ತಿಬಳಸಿ ಮಾತಾಡುವವಳಲ್ಲ.

"ಚಿಕ್ಕಮ್ಮ, ಅಮ್ಮನಿಗೆ ಕಣ್ಣು ಪೂರ್ತಿ ಹೋಯ್ತು. ನರವೇ ಒಣಗಿದೆಯಂತೆ, ಇನ್ನು ಬರೋಲ್ಲ ಅಂದ್ರು ಡಾಕ್ಟ್ರು. ಬಟ್ಟೆ ಹಿಂದುಮುಂದಾಗಿ ಹಾಕ್ಕೊಂಡು ಕೂತಿರ್ತಾಳೆ. ಸರಿಮಾಡೋಕೆ ಹೋದ್ರೆ ಮೈಮೇಲೆ ಬರ್ತಾಳೆ."

ಬಣ್ಣದ ಹಂಡೆಯಲ್ಲಿ ಕೆಂಪು ಒಂದು ಗುಲಗಂಜಿ ಹೆಚ್ಚಾದರೂ ಗೊತ್ತುಮಾಡುತ್ತಿದ್ದ ಕಣ್ಣುಗಳವು.

ಬರಿಗೈಯಲ್ಲಿ ಹೋಗುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದು ಕೋಟು ಹೆಣೆಯತೊಡಗಿದಳು. ಎಡ ಅಂಚಿಗೆ ಉಬ್ಬಿದ ಜಡೆ, ಬಲ ಅಂಚಿಗೆ ಸಾಸಿವೆ ಚೆಲ್ಲಿದಂಥ ಕಾಳು ಹೆಣಿಗೆ. ಕುತ್ತಿಗೆಯ ಹಿಂಭಾಗದಲ್ಲಿ ಮೂರು ಗಂಟು, ಬೆರಳಿಗೆ ಸಿಕ್ಕಿದ ಕೂಡಲೇ ಬೆನ್ನು ಯಾವುದೆಂದು ತಿಳಿಯಲು. ಜೇಬಿನ ಬಾಯಿಗೆ ಏಣಿ ಮೆಟ್ಟಿಲಿನಂಥ ಸಾಲು. ಬೆರಳು ತಡವರಿಸಿದ ಕಡೆಯೆಲ್ಲ ಬಿಚ್ಚಿ ಮತ್ತೆ ಹೆಣೆದಳು. ತಿಂಗಳು ಹಿಡಿಯಿತು.

ಅಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಯಾರೆಂದು ಕೇಳಲಿಲ್ಲ. ಕೋಟನ್ನು ಮಡಿಲಿಗೆ ಹಾಕಿದಾಗ ಅವಳ ಬೆರಳುಗಳು ಅಂಚು ಹಿಡಿದು ನಿಧಾನವಾಗಿ ನಡೆದವು. ಜಡೆಯ ಮೇಲೆ ನಿಂತವು.

"ಎಡಕ್ಕೆ ವಾಲಿದೆ" ಎಂದಳು. ತುಸು ಹೊತ್ತಿನ ಮೇಲೆ ಕತ್ತಿನ ಗಂಟುಗಳು ಸಿಕ್ಕವು, ಜೇಬೂ ಸಿಕ್ಕಿತು. ಎದ್ದು, ಯಾರ ನೆರವೂ ಇಲ್ಲದೆ ತೊಟ್ಟುಕೊಂಡಳು. ಒಂದು ಗುಂಡಿಯೂ ತಪ್ಪಲಿಲ್ಲ.

"ಹೆಣಿಗೆ ಚೆನ್ನಾಗಿದೆ. ನೂಲು ಸತ್ತಿದೆ."

"ತಪ್ಪಾಯ್ತಕ್ಕ" ಎಂದಳು ಎಡಚಿ.

"ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಲ್ಲೇ ನಿನಗೆ. ಸ್ವೆಟರಾದ್ರೂ ತಿಂಗಳಿಗೆ ಮುಗಿಯುತ್ತೆ." ನಗಲಿಲ್ಲ. "ನಿಜ ಗೊತ್ತಿರೋ ನನಗೆ ಹೇಳಿ ಏನು ಬಂತು? ಹೇಳ್ಬೇಕಾದವರಿಗೆ ಹೇಳು."

ಎಡಚಿ ಪತ್ರಿಕೆಗೆ ಕಾಗದ ಬರೆದಳು. ಅದು ಅಚ್ಚಾಗಲಿಲ್ಲ, ಅಷ್ಟು ಹಳೆಯ ಸುದ್ದಿ ಯಾರಿಗೆ ಬೇಕು? ಮತ್ತೆ ಬರೆದಳು, ಉತ್ತರವಿಲ್ಲ. ಕೊನೆಗೆ ತನ್ನ ಹಳೆಯ ಗಿರಾಕಿಗಳ ಮನೆಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿ ಬಂದಳು: "ಆ ನೂಲು ನನ್ನದಲ್ಲ, ನಮ್ಮಕ್ಕನದು. ನಾನು ಸುಳ್ಳು ಹೇಳಿದ್ದೆ." ಕೆಲವರು ಕಾಫಿ ಕುಡಿದು ಹೋಗಿ ಎಂದರು. ಕೆಲವರಿಗೆ ಇವಳು ಯಾಕೆ ಬಂದಳೆಂದೇ ತಿಳಿಯಲಿಲ್ಲ. ದರ್ಜಿಯ ಹೆಂಡತಿ ಮಾತ್ರ, "ಗೊತ್ತಿತ್ತು ಬಿಡಿ. ನೀವು ಹೇಳೋ ತನಕ ಕಾಯ್ತಿದ್ದೆ" ಎಂದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಅದೆಲ್ಲ ಮುಗಿದ ಮೇಲೆ ಎಡಚಿ ಹಿತ್ತಿಲ ಕೋಣೆಗೆ ಹೋಗಿ ರಾಟೆಯ ಬಟ್ಟೆ ತೆಗೆದಳು.

"ಕುರುಡಿ ನೂಲು ಯಾರಿಗೆ ಬೇಕೇ?" ಎಂದಳು ಅಕ್ಕ.

"ನನಗೆ ಬೇಕು."

ಮೊದಲ ವಾರವಿಡೀ ನೂಲು ಪಟಪಟನೆ ಕಡಿಯಿತು. ಆಮೇಲೆ ಅಕ್ಕನ ಬೆರಳಿಗೆ ಹಳೆಯ ಹದ ಬಂತು. ಬಣ್ಣ ಹಾಕುವಂತಿರಲಿಲ್ಲ, ಬೇರೆಯವರು ಹಾಕಲು ಅಕ್ಕ ಒಪ್ಪಲೂ ಇಲ್ಲ. ಉಣ್ಣೆ ಕುರಿಯ ಮೈಯಲ್ಲಿದ್ದ ಬಣ್ಣದಲ್ಲೇ ಉಳಿಯಿತು: ಕೆನೆ, ಬೂದಿ, ಕರಿಗಂದು. ಬಣ್ಣದ ಆಟವಿಲ್ಲದ್ದರಿಂದ ಎಡಚಿ ಎಲ್ಲವನ್ನೂ ಉಬ್ಬುತಗ್ಗುಗಳಲ್ಲೇ ಹೇಳಬೇಕಾಯಿತು. ತುಂಡೊಂದು ಮುಗಿದ ಕೂಡಲೇ ಅಕ್ಕನ ಮಡಿಲಿಗೆ ಹಾಕುವಳು. "ಇಲ್ಲಿ ಗದ್ದಲ ಜಾಸ್ತಿ, ಬಿಚ್ಚು" ಎಂದರೆ ಮರುಮಾತಿಲ್ಲದೆ ಬಿಚ್ಚುವಳು.

ಹೀಗೆ ಮೂರು ಚಳಿಗಾಲ. ನಾಲ್ಕನೆಯದು ಬರುವ ಮುಂಚೆ, ನ್ಯುಮೋನಿಯಾ ಹಿಡಿದು ಒಂಬತ್ತೇ ದಿನಕ್ಕೆ ಅಕ್ಕ ಹೋದಳು.

ರಾಟೆಯ ಪಕ್ಕದ ಬುಟ್ಟಿಯಲ್ಲಿ ಐದು ಲಡಿ ಉಳಿದಿದ್ದವು. ಎಡಚಿ ಬಹಳ ದಿನ ಮುಟ್ಟಲಿಲ್ಲ. ಕೊನೆಗೊಂದು ದಿನ ಅಕ್ಕನ ಮಗಳ ಅಳತೆ ತೆಗೆದುಕೊಂಡು ಕೂತಳು. ಬೆನ್ನು ಆಯಿತು, ಎದೆ ಆಯಿತು. ತೋಳು ಮೊಣಕೈಗೆ ಬರುವಷ್ಟರಲ್ಲಿ ನೂಲು ಮುಗಿಯಿತು.

"ಅಂಗಡಿ ಉಲ್ಲನ್ ಸೇರಿಸಿ ಚಿಕ್ಕಮ್ಮ, ಪರವಾಗಿಲ್ಲ" ಎಂದಳು ಹುಡುಗಿ.

"ಬೇಡಮ್ಮ" ಎಂದು ಎಡಚಿ ಅಲ್ಲಿಗೇ ಕುಣಿಕೆ ಮುಚ್ಚಿದಳು. ಆ ವರ್ಷ ಚಳಿ ಜೋರಿತ್ತು. ಹುಡುಗಿ ಮೊಣಕೈವರೆಗಿನ ತೋಳಿನ ಆ ಸ್ವೆಟರನ್ನೇ ತೊಟ್ಟು, ಬರಿಗೈಗಳನ್ನು ಕಂಕುಳಲ್ಲಿ ಅವಚಿಕೊಂಡು ದಿನಾ ಶಾಲೆಗೆ ಹೋದಳು.